ಸೂರಪ್ಪಣ್ಣನ ಎದುರು ಸುಮ್ಮನಿರುವ ಕೆಲಸ

ಬಾಯಿ ಬಿಟ್ಟು ಮಾಡುವ ಕೆಲಸದಲ್ಲಿ ನನಗೆ ಪಾಠ ಹೇಳಿಕೊಡುವವರು ಈ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಾನು ಬಂದರಿನಲ್ಲಿ ಮೀನಿನ ಹರಾಜು, ನಮ್ಮ ಕಡೆಯ ಮಾತಿನಲ್ಲಿ ಏಲಂ, ಕೂಗುವವನು. ಹೆಸರು ನಾರಾಯಣ. ಆದರೆ ಆ ಹೆಸರು ಇರುವುದು ರೇಷನ್ ಕಾರ್ಡಿನಲ್ಲಿ ಮಾತ್ರ. ನಾವುಂದದಿಂದ ಕುಂದಾಪುರದವರೆಗೆ ಎಲ್ಲರಿಗೂ ನಾನು 'ಏಲಂ ನಾಣ'.

ಏಲಂ ಎಂದರೆ ಸುಮ್ಮನೆ ಕಿರುಚುವುದು ಎಂದು ತಿಳಿದವರು ಬಹಳ ಮಂದಿ. ಅಲ್ಲ ಸ್ವಾಮೀ! ಬೋಟು ಬಂದು ಮೀನಿನ ಬುಟ್ಟಿಗಳನ್ನು ಸಾಲಾಗಿ ಇಟ್ಟ ಮೇಲೆ ಕೊಳ್ಳುವವರು ಸುತ್ತ ನಿಲ್ಲುತ್ತಾರೆ. ಅವರಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಪಕ್ಕದವನಿಗೆ ಗೊತ್ತಾಗುತ್ತದಲ್ಲ! ಒಬ್ಬ ಕಿವಿ ತುರಿಸುತ್ತಾನೆ, ಒಬ್ಬ ಹುಬ್ಬು ಏರಿಸುತ್ತಾನೆ, ಇನ್ನೊಬ್ಬ ತಲೆಗೆ ಕಟ್ಟಿದ ಬೈರಾಸು ಸರಿಮಾಡಿಕೊಳ್ಳುತ್ತಾನೆ. ಅಷ್ಟೇ. ಅದನ್ನು ಕಂಡು ರೇಟು ಏರಿಸಿ ಕೂಗಬೇಕಾದವನು ನಾನು. ಇದರಲ್ಲಿ ಒಂದೇ ನಿಯಮ: ಕೂಗುವವನ ಬಾಯಿ ನಿಲ್ಲಬಾರದು. ನಿಂತರೆ ಕೊಳ್ಳುವವನು ಯೋಚಿಸಲು ಶುರುಮಾಡುತ್ತಾನೆ. ಯೋಚಿಸಿದರೆ ಬಗ್ಗಿ ಮೀನಿನ ಕಣ್ಣು ನೋಡುತ್ತಾನೆ. ಕಣ್ಣು ನೋಡಿದನೋ, ಮುಗಿಯಿತು ವ್ಯಾಪಾರ! ಆದ್ದರಿಂದ ಎಲ್ಲಿ ಮೌನ ಕಂಡರೂ ಅಲ್ಲಿ ಒಂದು ಮಾತು ತುರುಕುವುದು ನನ್ನ ಧರ್ಮ.

ಹದಿನೆಂಟು ವರ್ಷದ ನನ್ನ ಸೇವಾವಧಿಯಲ್ಲಿ ನಾನು ಬಾಯಿ ಮುಚ್ಚಿ ನಿಂತದ್ದು ಒಂದೇ ಸಲ. ಅದು ನನ್ನ ಮದುವೆಯಲ್ಲಿ, ಧಾರೆ ಎರೆಯುವಾಗ. ಅದೂ ಭಟ್ಟರು ನನಗಿಂತ ಗಟ್ಟಿಯಾಗಿ ಮಂತ್ರ ಹೇಳುತ್ತಿದ್ದರೆಂಬ ಒಂದೇ ಕಾರಣಕ್ಕೆ.

ಇನ್ನು ಸೂರಪ್ಪಣ್ಣ. ನಲವತ್ತು ವರ್ಷ ನಾಟಕದಲ್ಲಿ ಬಣ್ಣ ಹಚ್ಚಿದ ಹಾಸ್ಯಗಾರರು. ಸಿನಿಮಾಗಳಲ್ಲೂ ಅಡುಗೆಯವನಾಗಿ, ಪೋಸ್ಟ್‌ಮ್ಯಾನ್ ಆಗಿ, ಮದುವೆಗೆ ಹೆಣ್ಣು ತೋರಿಸುವ ದಲ್ಲಾಳಿಯಾಗಿ ಕಾಣಿಸಿಕೊಂಡವರು. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಲ್ಲಿಗೆ ಹೋದರೂ ಅವರು ಆಡಿದ ಒಂದು ಸಾಲನ್ನಾದರೂ ಯಾರಾದರೂ ಹೇಳಿಕೊಂಡು ನಗುತ್ತಿರುತ್ತಾರೆ. ಒಮ್ಮೆ ಮೇ ತಿಂಗಳ ಬಿಸಿಲಿನಲ್ಲಿ ಅವರಿಗೆ ಸನ್ಮಾನ ಮಾಡಿ ದಪ್ಪ ಶಾಲು ಹೊದಿಸಿದರಂತೆ. ಸೂರಪ್ಪಣ್ಣ ಮೈಕಿನ ಎದುರು ನಿಂತು, ಬೆವರು ಒರೆಸಿಕೊಂಡು, ಸಭೆಯನ್ನು ಒಂದು ಸುತ್ತು ನೋಡಿ, "ನಾ ಎಂತ ತಪ್ಪ್ ಮಾಡ್ದೆ ಮಾರಾಯ್ರೆ?" ಎಂದು ಕೇಳಿ ಕೂತರಂತೆ. ಅಷ್ಟೇ ಭಾಷಣ! ಮತ್ತೊಮ್ಮೆ ಶೂಟಿಂಗಿನಲ್ಲಿ ನಿರ್ದೇಶಕರು, "ಈ ಸೀನಿನಲ್ಲಿ ನೀವು ಸಾಯಬೇಕು ಸಾರ್" ಎಂದಾಗ ಇವರು ಗಡಿಯಾರ ನೋಡಿ, "ಸಾಯ್ವ. ಉಂಡ್ಕಂಡ್ ಸತ್ರೆ ಅಡ್ಡಿಲ್ಯಾ?" ಎಂದರಂತೆ.

ನಾನು ಅವರ ಪರಮಭಕ್ತ. ಅವರ ನಾಟಕದ ಕ್ಯಾಸೆಟ್ಟುಗಳನ್ನೆಲ್ಲ ಟೇಪು ಸವೆಯುವಷ್ಟು ಕೇಳಿದ್ದೆ. ಒಂದೇ ಒಂದು ಕಿರಿಕಿರಿ ಇತ್ತು. ನಗುವ ಮಾತು ಬರುವ ಮೊದಲು ಪ್ರತಿ ಸಲವೂ ಕ್ಯಾಸೆಟ್ಟು ಒಂದು ಗಳಿಗೆ ಸುಮ್ಮನಾಗುತ್ತಿತ್ತು. ಟೇಪು ಸಿಕ್ಕಿಕೊಂಡಿತೆಂದು ನಾನು ರೆಕಾರ್ಡರಿನ ತಲೆಗೆ ಎರಡು ತಟ್ಟುತ್ತಿದ್ದೆ. ತಟ್ಟಿದ ಕೂಡಲೇ ಮಾತು ಬರುತ್ತಿತ್ತು. ನಾನು ತಟ್ಟಿದ್ದರಿಂದಲೇ ಬಂತೆಂದು ಹೆಮ್ಮೆಪಡುತ್ತಿದ್ದೆ. ಅದು ಸೂರಪ್ಪಣ್ಣ ಬೇಕೆಂದೇ ನಿಲ್ಲಿಸುವುದು, ಅವರ ಹಾಸ್ಯದ ಜೀವವೇ ಆ ನಿಲುಗಡೆಯಲ್ಲಿದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಹೀಗಿರುವಾಗ ಒಂದು ಮಳೆಗಾಲ. ಬೋಟುಗಳೆಲ್ಲ ದಡದಲ್ಲಿ. ಬಂದರಿನಲ್ಲಿ ಏಲಂ ಇಲ್ಲ. ನನ್ನ ಬಾಯಿಗೆ ಎರಡು ತಿಂಗಳ ರಜೆ. ಬಾಯಿಗೆ ರಜೆ ಕೊಟ್ಟು ಗೊತ್ತಿಲ್ಲದ ನಾನು ಮನೆಯಲ್ಲೇ ಕೂಗಲು ಶುರುಮಾಡಿದ್ದೆ. ನನ್ನ ಹೆಂಡತಿ ಜಲಜ ಕಾವಲಿಯಿಂದ ದೋಸೆ ಎತ್ತಿದರೆ "ಒಂದ್ ಸಲ, ಎರಡ್ ಸಲ" ಎನ್ನುತ್ತಿದ್ದೆ. ಅವಳು ಸಟ್ಟುಗ ತೋರಿಸಿದರೆ ಮೂರನೇ ಸಲಕ್ಕೆ ಹೋಗುತ್ತಿರಲಿಲ್ಲ.

ಆಗ ಬಂದ ನಮ್ಮ ಯುವಕ ಸಂಘದ ಕಾರ್ಯದರ್ಶಿ ರಘು.

"ನಾಣಣ್ಣ, ಹೆಮ್ಮಾಡಿ ಹಾಲಗೆ ಸೂರಪ್ಪಣ್ಣನ ನಾಟ್ಕ ಇಟ್ಕಂಡಿತ್. ಆದ್ರೆ ಅವ್ರ್ ಜೋಡಿ ಪಾರ್ಟಿನವ್ರ್ ಮಗಳ್ ಬಾಣಂತನ ಅಂದ್ಹೇಳಿ ಬೊಂಬಾಯಿಗ್ ಹೋಯ್ರ್. ಸಾವ್ಕಾರ್ರ್ ಪಾರ್ಟ್ ಮಾಡುಕೆ ಜನ ಇಲ್ಲೆ. ನೀವ್ ಮಾಡ್ತ್ರ್ಯಾ?"

"ಮಾಡ್ವ" ಎಂದೆ. ಅವನು ಪ್ರಶ್ನೆ ಮುಗಿಸಿದ್ದನೋ ಇಲ್ಲವೋ ನೆನಪಿಲ್ಲ.

"ಇನ್ನೊಂದ್ ಇತ್ತ್" ಎಂದ ರಘು. "ಮಳೆ ಮುಗ್ದ್ ಮೇಲೆ ಸೂರಪ್ಪಣ್ಣ ಒಂದ್ ಸಿನಿಮಾ ಮಾಡ್ತ್ರ್ ಅಂಬ್ರ್. ಅದ್ರಗೆ ಒಬ್ರ್ ಬೋಟಿನ್ ಸಾವ್ಕಾರ್ರ್. ಹನ್ನೆರಡ್ ಡೈಲಾಗ್ ಇತ್ತಂಬ್ರ್. ನಾಟ್ಕದಗೆ ಜೋಡಿ ಸರಿಯಾರೆ ಅವ್ರನ್ನೇ ಸಿನಿಮಾಕ್ಕೂ ತಕಂತ್ರ್ ಅಂಬ್ರ್."

ಸಿನಿಮಾ! ಹನ್ನೆರಡು ಡೈಲಾಗು! ನಾನು ಯಾರಿಗೂ ಹೇಳಲಿಲ್ಲ. ಜಲಜನಿಗೆ ಹೇಳಿದೆ, ಚಾ ಅಂಗಡಿಯಲ್ಲಿ ಹೇಳಿದೆ, ಐಸ್ ಪ್ಲಾಂಟಿನಲ್ಲಿ ಹೇಳಿದೆ, ರೇಷನ್ ಅಂಗಡಿಯ ಸಾಲಿನಲ್ಲಿ ಮುಂದಿನವರಿಗೂ ಹಿಂದಿನವರಿಗೂ ಹೇಳಿದೆ. ಮುಂಬೈಯ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವ ಜಲಜನ ತಮ್ಮ ಭಾಸ್ಕರನಿಗೆ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿ ಹೇಳಿದೆ. ಅವನು ನಾಟಕ ನೋಡಲಿಕ್ಕೆಂದೇ ಒಂದು ತಿಂಗಳ ರಜೆ ಹಾಕಿ ರೈಲು ಹತ್ತುತ್ತೇನೆಂದ. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಆ ಪಾರ್ಟು ನನಗೆ ಸಿಗದಿದ್ದರೆ ಬಂದರಿನಲ್ಲಿ ಮುಖ ತೋರಿಸುವುದು ಕಷ್ಟವಿತ್ತು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ನನಗೆ ಅದು ಬೇಕಿತ್ತು. ಬಹಳ ಬೇಕಿತ್ತು.

ಒಂದು ಭಾನುವಾರ ಸೂರಪ್ಪಣ್ಣ ರಿಹರ್ಸಲ್ಲಿಗೆಂದು ನಮ್ಮ ಮನೆಗೇ ಬಂದರು. ಮೊದಲು ಊಟ. ಜಲಜ ಎಲ್ಲೋ ಹುಡುಕಿ ತರಿಸಿದ, ಮಳೆಗಾಲದಲ್ಲೂ ಕಡಲಿಗಿಳಿಯುವ ನಾಡದೋಣಿಯ ಬಂಗಡೆಯ ಸಾರು ಬಡಿಸಿ, ಬಾಗಿಲ ಮರೆಯಲ್ಲಿ ನಿಂತು, "ಸಾರ್ ಹ್ಯಾಂಗಾಯ್ತ್ ಸೂರಪ್ಪಣ್ಣ?" ಎಂದು ಕೇಳಿದಳು.

ಸೂರಪ್ಪಣ್ಣ ಬೆರಳು ಚೀಪಿದರು. ಮೀನಿನ ಮುಳ್ಳನ್ನು ಎಲೆಯ ತುದಿಗೆ ಮೆಲ್ಲಗೆ ಇಟ್ಟರು. ಅದನ್ನೇ ನೋಡಿದರು. ನಾನು ತಡೆಯಲಾರದೆ, "ಉಪ್ಪ್ ಹೆಚ್ಚಾಯ್ತ್ ಕಾಣತ್" ಎಂದುಬಿಟ್ಟೆ.

ಸೂರಪ್ಪಣ್ಣ ನನ್ನನ್ನು ಒಮ್ಮೆ ನೋಡಿ, ಜಲಜನ ಕಡೆ ತಿರುಗಿ ಹೇಳಿದರು: "ಈ ಮೀನ್ ಸತ್ತದ್ದ್ ಸಾರ್ಥಕ ಆಯ್ತ್ ಮಾರಾಯ್ತಿ."

ಜಲಜ ನಕ್ಕಳು. ಆಮೇಲೆ ನನ್ನ ಕಡೆ ನೋಡಿದಳು. ಆಗ ನಗಲಿಲ್ಲ.

ಊಟವಾದ ಮೇಲೆ ಸೂರಪ್ಪಣ್ಣ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕಿಕೊಂಡು ನನಗೆ ಉಪದೇಶ ಮಾಡಿದರು. "ಕಾಣ್ ನಾಣ, ಈ ಕೆಲ್ಸ ಮಸ್ತ್ ಸುಲ್ಭ. ನೀ ಕೇಂಬುದ್, ನಾ ಹೇಳುದ್. ನಾ ಹೇಳುಕೆ ಮುಂಚೆ ಒಂಚೂರ್ ನಿಲ್ಲಿಸ್ತೆ. ಆಗ ನೀ ಉಸ್ರ್ ಎತ್ತುಕಾಗ. ಕೆಲವ್ ಸಲ ನಾನೇ ನಿಂಗ್ ಪ್ರಶ್ನೆ ಕೇಂತೆ. ಆಗಳೂ ಉತ್ರ ಹೇಳುಕಾಗ. ಉತ್ರವೂ ನಂದೇ. ತಿಳೀತಾ?"

"ತಿಳೀತ್" ಎಂದೆ.

"ನಾ ಈಗ ನಿಲ್ಸಿದ್ದೆ" ಎಂದರು ಸೂರಪ್ಪಣ್ಣ.

ರಿಹರ್ಸಲ್ಲಿನಲ್ಲಿ ಅವರು ಹನ್ನೊಂದು ಸಲ ನಿಲ್ಲಿಸಿದರು. ಹನ್ನೊಂದು ಸಲವೂ ನಾನು ಬಾಯಿ ಹಾಕಿದೆ. ಕೊನೆಗೆ ಅವರು ಎದ್ದು ಕೊಡೆ ಹಿಡಿದು, "ನಾ ನಿಲ್ಸಿದ ಕೂಡ್ಲೆ ನೀ ಮನ್ಸಗೆ ಹತ್ತ್ ಎಣ್ಸ್. ಹತ್ತ್ ಆಪುದ್ರೊಳಗೆ ನಾ ಹೇಳಿ ಮುಗ್ಸ್ತೆ" ಎಂದು ಹೇಳಿ ಹೋದರು. ಬೈಯಲಿಲ್ಲ. ದೊಡ್ಡವರು.

ಮರುದಿನದಿಂದ ನಮ್ಮ ಮನೆಯಲ್ಲಿ ಮೌನಾಭ್ಯಾಸ ಶುರುವಾಯಿತು. ಉಪಾಯ ಜಲಜನದ್ದು. ಬಾಯಿ ತುಂಬ ನೀರು ತುಂಬಿಕೊಂಡು ಜಗಲಿಯಲ್ಲಿ ಕೂರುವುದು. ಅವಳು ಒಳಗಿನಿಂದ ಏನಾದರೂ ಕೇಳುವುದು. ನಾನು ನುಂಗದೆ, ಉಗುಳದೆ ಹತ್ತು ಎಣಿಸುವುದು. ಮೊದಲ ದಿನ ಎರಡು ತಂಬಿಗೆ ನೀರು ಹೊಟ್ಟೆಗೆ ಹೋಯಿತು, ಒಂದು ತಂಬಿಗೆ ಅಂಗಳಕ್ಕೆ ಹೋಯಿತು.

ಎರಡನೇ ದಿನ ನಾನು ಕೆನ್ನೆ ಉಬ್ಬಿಸಿ ಕೂತಿದ್ದಾಗ ಪದ್ದಕ್ಕ ಬಂದರು. ಪದ್ದಕ್ಕ ಎಂದರೆ ಬುಟ್ಟಿ ಹೊತ್ತು ಮೀನು ಮಾರುವವರಲ್ಲಿ ಹಿರಿಯರು. ಬಂದರಿನಲ್ಲಿ ನನ್ನ ಖಾಯಂ ಗಿರಾಕಿ.

"ಹ್ವಾಯ್ ನಾಣ, ಸಿನಿಮಾಕ್ ಹೋತ್ಯಂಬ್ರ್, ಹೌದಾ?"

ನಾನು ತಲೆ ಅಲ್ಲಾಡಿಸಿದೆ.

"ಅಯ್ಯ! ಮುಖ ಎಂತಕ್ ಹೀಂಗ್ ಬೀಗಿತ್ತ್? ಹಲ್ಲ್ ನೋವಾ?"

ನಾನು ಕೈಸನ್ನೆ ಮಾಡಿದೆ. ಅವರಿಗೆ ಅದು ಬೇರೆ ಏನೋ ಅರ್ಥವಾಗಿರಬೇಕು. "ದೇವ್ರೇ! ಏಲಂ ನಾಣನ ಬಾಯಿ ಬಿದ್ ಹೋಯ್ತ್!" ಎಂದು ಕೂಗುತ್ತ ಹೊರಟೇಹೋದರು. ಅರ್ಧ ಗಂಟೆಯೊಳಗೆ ಶುಂಠಿ ಕಷಾಯ ಹಿಡಿದು ಒಬ್ಬರು, ನೂಲು ಮಂತ್ರಿಸಿಕೊಂಡು ಒಬ್ಬರು, ಸುಮ್ಮನೆ ನೋಡಿಹೋಗೋಣವೆಂದು ಆರು ಮಂದಿ ಬಂದರು. ಬಂದವರ ಮುಖದಲ್ಲಿ ದುಃಖ ಇತ್ತು ಎಂದು ಹೇಳಲಾರೆ. ಐಸ್ ಪ್ಲಾಂಟಿನ ಕಂಟ್ರಾಕ್ಟರರಂತೂ, "ಇನ್ನ್ ಬಂದರಗೆ ಒಂಚೂರ್ ಶಾಂತಿ" ಎಂದು ನನ್ನ ಎದುರೇ ಹೇಳಿದರು.

ಆದರೂ ನಾನು ಛಲ ಬಿಡಲಿಲ್ಲ. ಎರಡು ವಾರದಲ್ಲಿ ನೀರಿಲ್ಲದೆಯೇ ಹತ್ತು ಎಣಿಸುವ ಮಟ್ಟಕ್ಕೆ ಬಂದೆ. ಮದುವೆಯಾದ ಮೇಲೆ ಇಷ್ಟು ನೆಮ್ಮದಿಯ ಹದಿನೈದು ದಿನ ಕಂಡದ್ದಿಲ್ಲ ಎಂದಳು ಜಲಜ. ಮುಂಬೈಯಿಂದ ಇಳಿದ ಭಾಸ್ಕರ ನನ್ನನ್ನು ಕಂಡು, "ಅರೆ ಭಾವ, ಹುಷಾರಿಲ್ಯಾ?" ಎಂದು ಕೇಳಿದ. ನಾನು ಹತ್ತು ಎಣಿಸಿ, ಆಮೇಲೆ "ಅಡ್ಡಿಲ್ಲೆ" ಎಂದೆ. ನನ್ನ ಸಾಧನೆಗೆ ನಾನೇ ಬೆರಗಾದೆ!

ನಾಟಕದ ದಿನ ಮಧ್ಯಾಹ್ನ ಮೂರು ಗಂಟೆಗೆ ಹೆಮ್ಮಾಡಿಯ ಹಾಲ್ ತುಂಬಿ, ಜನ ಕಿಟಕಿಯಲ್ಲೂ ನಿಂತಿದ್ದರು. ತಗಡಿನ ಮಾಡಿನ ಮೇಲೆ ಮಳೆ ಬೀಳುತ್ತಿತ್ತು. ನಾನು ರೇಷ್ಮೆ ಪಂಚೆ, ಕೋಟು, ಅಂಟಿಸಿದ ಮೀಸೆಯಲ್ಲಿ ಸಾಹುಕಾರನಾಗಿ ಕುರ್ಚಿಯ ಮೇಲೆ ಕೂತೆ. ಪರದೆ ಎದ್ದಿತು. ನಾನು ಎದುರು ನೋಡಿದೆ.

ಅಲ್ಲಿಯೇ ಎಡವಟ್ಟಾದದ್ದು. ಮುಂದಿನ ಸಾಲಿನಲ್ಲಿ ಕೂತಿದ್ದವರು ಯಾರು? ನನ್ನ ಬಂದರಿನ ಕೊಳ್ಳುವವರು! ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಕಂಟ್ರಾಕ್ಟರರು, ಕಾರವಾರದ ಕಡೆಗೆ ಲಾರಿ ಕಳಿಸುವವರು, ಮಧ್ಯದಲ್ಲಿ ಪದ್ದಕ್ಕ. ಬೆಳಿಗ್ಗೆ ಬಂದರಿನಲ್ಲಿ ಬುಟ್ಟಿಯ ಸುತ್ತ ನಿಲ್ಲುವ ಅದೇ ಮುಖಗಳು, ಅದೇ ಅರ್ಧಚಂದ್ರಾಕಾರ.

ಸೂರಪ್ಪಣ್ಣ ಹೆಗಲ ಮೇಲೆ ಗಂಟು ಹೊತ್ತು ಕೆಲಸ ಕೇಳುವವನಾಗಿ ಬಂದರು. ಬರೀ ಬಂದದ್ದಕ್ಕೇ ಜನ ನಕ್ಕರು. ನಾನು ಗಂಭೀರವಾಗಿ ಕೇಳಿದೆ: "ಇಲ್ಲಿವರೆಗ್ ಎಲ್ಲ್ ಕೆಲ್ಸಕ್ಕಿದ್ದೆ?"

"ಬೊಂಬಾಯಗೆ, ಹೋಟ್ಲಗೆ ಅಡ್ಗಿ ಸಾವ್ಕಾರ್ರೇ."

"ಎಂತಕ್ ಬಿಟ್ಟೆ?"

"ನಾ ಬಿಡ್ಲಿಲ್ಲೆ ಸಾವ್ಕಾರ್ರೇ..." ಸೂರಪ್ಪಣ್ಣ ನಿಲ್ಲಿಸಿದರು. ಗಂಟನ್ನು ಕೆಳಗಿಟ್ಟರು. ಮೂಗು ಒರೆಸಿಕೊಂಡರು. ಸಭೆ ಉಸಿರು ಹಿಡಿಯಿತು. ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು...

"ಗಿರಾಕಿಗಳ್ ಬಿಟ್ಟ್ ಹೋದ್ರ್!"

ಹೇಳಿದ್ದು ಯಾರು? ನಾನು! ಹೇಳಬೇಕಾದದ್ದು ಅವರು! ಎಣಿಕೆ ನಾಲ್ಕರಲ್ಲಿ ತಪ್ಪಿ, ಬಾಯಿಗೆ ಬಂದದ್ದು ಹೊರಗೆ ಬಿದ್ದಿತ್ತು. ಹಾಲಿನಲ್ಲಿ ಒಬ್ಬನೂ ನಗಲಿಲ್ಲ. ಅದೇ ಮಾತನ್ನು ಸೂರಪ್ಪಣ್ಣ ಹೇಳಿದ್ದರೆ ತಗಡು ಹಾರುತ್ತಿತ್ತು. ನಾನು ಹೇಳಿದಾಗ ಅದೊಂದು ವರದಿಯಾಯಿತು, ಅಷ್ಟೇ.

ಸೂರಪ್ಪಣ್ಣ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹೌದಾ?" ಎಂದರು. "ಹಂಗಾರೆ ಅರ್ಧ ಉಂಡ್ ಎದ್ದ್ ಓಡಿದ್ದ್ ನೀವೇಯಾ?"

ಹಾಲ್ ಅದುರಿತು. ನಾನು ಬದುಕಿದೆ. ಸೂರಪ್ಪಣ್ಣ ಗಂಟು ಎತ್ತಿಕೊಳ್ಳುವ ನೆಪದಲ್ಲಿ ನನ್ನ ಬಳಿಗೆ ಬಗ್ಗಿ, "ಎಣ್ಸ್ ಮಾರಾಯ, ಸರಿ ಎಣ್ಸ್" ಎಂದು ಪಿಸುಗುಟ್ಟಿದರು. ಹಿರಿಯರ ಆಜ್ಞೆ. ಈ ಸಲ ಸರಿಯಾಗಿಯೇ ಎಣಿಸುತ್ತೇನೆಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ.

ಮುಂದೆ ಬರುವುದು ನಾಟಕದ ಹೆಸರಾಂತ ಮಾತು. ಅದನ್ನು ಕೇಳಲಿಕ್ಕೆಂದೇ ಮಳೆಯಲ್ಲಿ ನೆನೆದು ಬಂದವರಿದ್ದರು. ನಾನು ಕೇಳಿದೆ: "ಬೋಟಿಗ್ ಹೋಯ್ಕಾತ್ತ್. ಈಜುಕೆ ಬತ್ತಾ?"

"ಬತ್ತಿಲ್ಲೆ ಸಾವ್ಕಾರ್ರೇ."

"ಈಜುಕೇ ಬಾರ್ದೆ ಬೋಟ್ ಹ್ಯಾಂಗ್ ಹತ್ತ್ತೆ?"

"ಅಲ್ಲ ಸಾವ್ಕಾರ್ರೇ, ಈಜುಕೆ ಬತ್ತಿದ್ರೆ..."

ನಿಲ್ಲಿಸಿದರು. ಮುಂದೆ ಇದ್ದದ್ದು ಎರಡೇ ಮಾತು: 'ಬೋಟ್ ಎಂತಕ್?' ಹಾಲ್ ಪೂರ್ತಿ ಅದಕ್ಕಾಗಿ ಕಾಯುತ್ತಿತ್ತು. ನಾನು ಕಣ್ಣು ಗಟ್ಟಿಯಾಗಿ ತೆರೆದುಕೊಂಡು ಎಣಿಸಲು ಶುರುಮಾಡಿದೆ. ಒಂದು...

ಈಗ ನೀವೇ ಹೇಳಿ. ಎದುರಿಗೆ ಅದೇ ಮುಖಗಳು. ನಡುವೆ ಮೌನ. ಹದಿನೆಂಟು ವರ್ಷದಿಂದ ನನ್ನ ಬಾಯಲ್ಲಿ 'ಒಂದ್' ಆದ ಮೇಲೆ ಏನು ಬಂದದ್ದು?

"ಒಂದ್ ಸಲ!"

ಗಟ್ಟಿಯಾಗಿ. ಬಂದರಿನ ಆ ಕಡೆಯ ಬೋಟಿಗೂ ಕೇಳುವ ಸ್ವರದಲ್ಲಿ. ಮುಂದಿನ ಸಾಲು ಒಮ್ಮೆಗೇ ನೆಟ್ಟಗೆ ಕೂತಿತು. ಕಂಟ್ರಾಕ್ಟರರು ಅಭ್ಯಾಸಬಲದಿಂದ ಬೈರಾಸು ಸರಿಮಾಡಿಕೊಂಡರು. ನಾನು ಕಂಡೆ. ಕಂಡ ಮೇಲೆ ಬಿಡಲಿಕ್ಕಾಗುತ್ತದೆಯೇ?

"ಹ್ವಾ! ಬಂದ್ರ್ ಕಂಟ್ರಾಕ್ಟರ್ರ್! ಯಾರ್ ಹೆಚ್ಚ್, ಯಾರ್ ಹೆಚ್ಚ್!"

ಲಾರಿಯವರು ಹುಬ್ಬು ಏರಿಸಿದರು. "ಹ್ವಾ! ಲಾರಿಯವ್ರ್!" ಕಂಟ್ರಾಕ್ಟರರು ಮತ್ತೆ ಬೈರಾಸಿಗೆ ಕೈ ಹಾಕಿದರು. ನನ್ನ ಬಲಗೈ ತಾನಾಗಿ ಎದ್ದು, ಸರಕಿನ ಕಡೆಗೆ ಬೆರಳು ಮಾಡಿತು. ಸರಕು ಎಂದರೆ ವೇದಿಕೆಯ ಮಧ್ಯದಲ್ಲಿ ಬಾಯಿ ತೆರೆದು ನಿಂತಿದ್ದ ಸೂರಪ್ಪಣ್ಣ! "ಎರಡ್ ಸಲ!" ಅಷ್ಟರಲ್ಲಿ ಪದ್ದಕ್ಕ ಕೈ ಎತ್ತಿದರು.

"ಮೂರ್ ಸಲ! ಪದ್ದಕ್ಕಂಗೆ!"

ಹೀಗೆ ನಲವತ್ತು ವರ್ಷ ರಂಗಸೇವೆ ಮಾಡಿದ ಹಿರಿಯ ಕಲಾವಿದರನ್ನು ನಾನು ಹೆಮ್ಮಾಡಿಯ ಹಾಲಿನಲ್ಲಿ ತುಂಬಿದ ಸಭೆಯ ಎದುರು ಮಾರಿಬಿಟ್ಟೆ.

ಪದ್ದಕ್ಕ ಗಡಬಡಿಸಿ ಎದ್ದು ನಿಂತರು. "ಅಯ್ಯಯ್ಯ, ನಾ ಸೊಳ್ಳೆ ಓಡ್ಸಿದ್ದ್ ಮಾರಾಯ! ನಂಗ್ ಬ್ಯಾಡ! ಮನ್ಯಗೆ ಒಬ್ರ್ ಇದ್ರ್, ಅವ್ರನ್ನ್ ಸುಧಾರ್ಸುದೇ ಸಾಕಾಯ್ತ್!"

ಜನ ಬಿದ್ದು ಬಿದ್ದು ನಗುತ್ತಿದ್ದರು. ಸೂರಪ್ಪಣ್ಣ ಒಂದು ಕೈ ಎತ್ತಿದರು. ಹಾಲ್ ತಣ್ಣಗಾಯಿತು. ಅವರು ಪದ್ದಕ್ಕನ ಕಡೆ ನೋಡಿ, ಕೈಮುಗಿದು, ನಿಲ್ಲಿಸಿದರು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಮುಚ್ಚುವಾಗ ಮೀಸೆ ಕಿತ್ತು ಕೈಗೆ ಬಂತು.

"ಐಸ್ ಹಾಕಿ ತಕಂಡ್ ಹೋಯ್ನಿ ಪದ್ದಕ್ಕ. ಸರ್ಕ್ ಹಳ್ತ್."

ಆಮೇಲೆ ನಾಟಕ ಯಾರ ಕೈಯಲ್ಲೂ ಉಳಿಯಲಿಲ್ಲ. ಹಿಂದಿನಿಂದ ಯಾರೋ, "ಕಣ್ಣ್ ತೋರ್ಸಿ, ತಾಜಾ ಇತ್ತಾ ಕಾಂಬ!" ಎಂದು ಕೂಗಿದರು. ಸೂರಪ್ಪಣ್ಣ ಬಗ್ಗಿ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಇನ್ನೊಬ್ಬರು ಕಿವಿರು ತೋರಿಸಿ ಎಂದರು. ಕಿವಿ ಮಡಚಿ ತೋರಿಸಿದರು. ಮುಂದಿನ ಸಾಲಿನಲ್ಲಿ ಕಂಟ್ರಾಕ್ಟರರು ನಗುತ್ತ ಕುರ್ಚಿಯಿಂದ ಜಾರಿದ್ದರು. ಇನ್ನೂ ಮುಕ್ಕಾಲು ಗಂಟೆಯ ನಾಟಕ ಬಾಕಿ ಇರುವಾಗಲೇ ಪರದೆ ಬಿತ್ತು. ರಘು ಮೈಕಿನಲ್ಲಿ, "ಕಾರಣಾಂತರಗಳಿಂದ ನಾಟಕವು ಇಲ್ಲಿಗೆ ಸಂಪನ್ನಗೊಂಡಿದೆ" ಎಂದು ಘೋಷಿಸಿದ.

ಕಾರಣಾಂತರ ಪರದೆಯ ಹಿಂದೆ ಕೈಯಲ್ಲಿ ಮೀಸೆ ಹಿಡಿದು ನಿಂತಿತ್ತು. ನನಗೆ ಅಳು ಬಂದಿತ್ತು. ಆ ಬೋಟಿನ ಮಾತು ಯಾರ ಬಾಯಿಂದಲೂ ಬರಲೇ ಇಲ್ಲ. ಯಾರನ್ನು ದೇವರೆಂದು ತಿಳಿದಿದ್ದೆನೋ ಅವರ ಹೆಸರಾಂತ ಮಾತನ್ನು ನಾನೇ ನುಂಗಿದ್ದೆ. ಸಿನಿಮಾ ಇರಲಿ, ಇನ್ನು ಅವರು ನನ್ನ ಮುಖವನ್ನಾದರೂ ನೋಡುವರೇ?

ಜಲಜ ಬಣ್ಣದ ಕೋಣೆಯ ಬಾಗಿಲಲ್ಲಿ ನನ್ನನ್ನು ಹಿಡಿದಳು. ಭಾಸ್ಕರ ಹಿಂದೆ ನಿಂತಿದ್ದ.

"ಹ್ವಾಯ್, ಕೈ ನೀಡಿ" ಎಂದಳು. ನೀಡಿದೆ. "ಆಣೆ ಮಾಡಿ. ಒಳ್ಗ್ ಹೋಯ್ ಕ್ಷಮೆ ಕೇಂಬುದ್. ಅದ್ರ್ ಮೇಲೆ ಒಂದಕ್ಷರ ಮಾತಾಡುಕಾಗ. ಅವ್ರ್ ಮಾತಾಡ್ತಾ ಎಲ್ಲಿ ನಿಲ್ಸ್ರೂ ನೀವ್ ಬಾಯ್ ಹಾಕುಕಾಗ. ಹಾಕ್ರೆ ನಾ ಅಪ್ಪನ್ ಮನಿಗ್ ಹೋತೆ."

ಆಣೆ ಮಾಡಿದೆ. ಜೀವ ಹೋದರೂ ಈ ಸಲ ಬಾಯಿ ಬಿಡುವುದಿಲ್ಲ ಎಂದು ತೀರ್ಮಾನಿಸಿಯೇ ಒಳಗೆ ಹೋದೆ.

ಸೂರಪ್ಪಣ್ಣ ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ಒರೆಸುತ್ತಿದ್ದರು. ನಾನು ಅವರ ಕಾಲಿಗೆ ಬಿದ್ದು, "ತಪ್ಪಾಯ್ತ್ ಸೂರಪ್ಪಣ್ಣ" ಎಂದೆ. ಅಷ್ಟೇ ಹೇಳಿ ತುಟಿ ಹೊಲಿದುಕೊಂಡೆ.

"ಏಳ್ ಮಾರಾಯ" ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ. "ಜನ ನನ್ನ್ ಕಂಡ್ ನೆಗಾಡಿದ್ರ್, ಬೈದಿದ್ರ್, ಶಾಲ್ ಹೊದ್ಸಿದ್ರ್. ಮಾರಿದ್ದ್ ನೀ ಒಬ್ನೇ!" ಎಂದು ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಒರೆಸಿಕೊಂಡರು. "ಇಷ್ಟ್ ನಗು ಕೇಣದ್ದೆ ಎಷ್ಟ್ ವರ್ಷ ಆಯ್ತೋ. ಆ ಬೋಟಿನ್ ಮಾತ್ ಹೇಳಿ ಹೇಳಿ ನಂಗೂ ಬೇಜಾರ್ ಬಂದಿತ್ತ್."

ನನಗೆ ಜೀವ ಬಂತು. ಏನಾದರೂ ಹೇಳಬೇಕೆಂದು ನಾಲಿಗೆ ತುರಿಸಿತು. ಬಾಗಿಲಲ್ಲಿ ಜಲಜ ಕಣ್ಣು ಬಿಟ್ಟಳು. ಹೇಳಲಿಲ್ಲ.

"ಸಿನಿಮಾದಗೆ ಬಂದರಿನ್ ಸೀನ್ ಇತ್ತ್" ಎಂದರು ಸೂರಪ್ಪಣ್ಣ. "ಸಾವ್ಕಾರ್ರ್ ಪಾರ್ಟಿಗೆ ಇಂಥವ್ನೇ ಬೇಕಾದ್ದ್. ಎಂತ, ಬತ್ಯಾ?"

ಕೇಳಿ ನಿಲ್ಲಿಸಿದರು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು. ನನ್ನ ಮುಖವನ್ನೇ ನೋಡಿದರು.

ಆಹಾ! ಗೊತ್ತಾಯಿತು. ನಾನು ದಡ್ಡನಾಗಿದ್ದದ್ದು ಸಾಕು. ಕೆಲವು ಸಲ ಪ್ರಶ್ನೆ ಕೇಳುತ್ತೇನೆ, ಉತ್ತರವೂ ನನ್ನದೇ ಎಂದು ಅವರು ಹೇಳಿರಲಿಲ್ಲವೇ? ಈಗ ಒಂದು ಭಾರೀ ಮಾತು ಬರಲಿದೆ. 'ಬತ್ಯಾ, ಇಲ್ಲಾ ನನ್ನ್ ಬುಟ್ಟಿಗ್ ತುಂಬ್ಸಿ ಕಳ್ಸ್ತ್ಯಾ?' ಎಂಬ ಹಾಗೆ ಏನೋ ಒಂದು. ನಾನು ತಲೆ ತಗ್ಗಿಸಿ, ಮನಸ್ಸಿನಲ್ಲಿ, ನಿಜವಾಗಿಯೂ ಮನಸ್ಸಿನಲ್ಲಿಯೇ, ಎಣಿಸಿದೆ. ಒಂದು. ಎರಡು. ಮೂರು. ಹತ್ತು ಆಯಿತು. ಮಾತು ಬರಲಿಲ್ಲ. ಎಂಥ ದೊಡ್ಡ ಕಲಾವಿದ, ಎಷ್ಟು ಹೊತ್ತು ತಡೆದು ಹಿಡಿಯುತ್ತಾರೆ ಎಂದು ಮೆಚ್ಚಿಕೊಂಡು ಇನ್ನೊಂದು ಹತ್ತು ಎಣಿಸಿದೆ. ಸೂರಪ್ಪಣ್ಣ ಹುಬ್ಬು ಏರಿಸಿದರು. ನಾನು ತುಟಿ ಬಿಗಿದುಕೊಂಡೇ ಸಣ್ಣಗೆ ನಕ್ಕೆ. ರಘು ಉಸಿರು ಹಿಡಿದು ನಿಂತಿದ್ದ. ಜಲಜ ಬಾಯಿಗೆ ಸೆರಗು ಒತ್ತಿಕೊಂಡು ನಗಲು ತಯಾರಾಗಿದ್ದಳು. ನಮ್ಮ ಕಡೆಯ ಎಲ್ಲರಿಗೂ ಸೂರಪ್ಪಣ್ಣನ ಪದ್ಧತಿ ಗೊತ್ತು.

ಗೊತ್ತಿಲ್ಲದವನು ಒಬ್ಬನೇ. ಹದಿನೈದು ವರ್ಷದಿಂದ ಮುಂಬೈಯಲ್ಲಿದ್ದ ಭಾಸ್ಕರ.

"ಅರೆ, ನಾ ಬತ್ತೆ!" ಎಂದ.

ಸೂರಪ್ಪಣ್ಣ ತಿರುಗಿ ನೋಡಿದರು. ಮುಂಬೈಯಿಂದ ಬಂದ ಜಲಜಕ್ಕನ ತಮ್ಮನೆಂದು ರಘು ಹೇಳಿದ. "ನಿಂಗ್ ರಜೆ ಇತ್ತಾ?"

"ಒಂದ್ ತಿಂಗ್ಳ್ ಇತ್ತ್. ಬೇಕಾರೆ ಇನ್ನೂ ಹಾಕುಕಾತ್ತ್."

"ಅಡ್ಡಿಲ್ಲೆ. ಸಾವ್ಕಾರ್ರಿಗೆ ಮುಖ ಚಂದ ಇತ್ತ್" ಎಂದು ಸೂರಪ್ಪಣ್ಣ ಎದ್ದರು. ಹೊರಡುವಾಗ ನನ್ನ ಬೆನ್ನು ತಟ್ಟಿ, "ಮನ್ಸಿಲ್ಲೆ ಅಂದ್ರೆ ಬಾಯ್ ಬಿಟ್ಟ್ ಹೇಳ್ರಾತಿತ್ತಲೆ ನಾಣ. ನಾ ಎಂತ ತಿಂತ್ನಾ? ಇಷ್ಟ್ ಮಾತಾಡುವವ್ನಿಗ್ ಈಗ ಎಂತ ನಾಚ್ಕಿ!" ಎಂದು ಹೇಳಿ, ಕೊಡೆ ಬಿಡಿಸಿ, ಕಾರು ಹತ್ತಿ ಹೋದರು.

ನಾನು ಮೂವತ್ತೊಂದನ್ನು ಎಣಿಸುತ್ತಿದ್ದೆ.

ಕಾರು ಹೆದ್ದಾರಿಗೆ ಏರಿದ ಮೇಲೆ ನನ್ನ ಬಾಯಿ ತೆರೆಯಿತು. ಆಮೇಲೆ ಮೂರು ದಿನ ಮುಚ್ಚಲಿಲ್ಲ. ಆದರೆ ಕೇಳುವವರು ಯಾರು? ಜಲಜ ಮೊದಲು ಅತ್ತಳು, ಆಮೇಲೆ ನಕ್ಕಳು. ಅದರ ಮೇಲೆ, "ಎಂತ ಆರೂ ನಮ್ ಮನ್ಯವ್ರಿಗೇ ಸಿಕ್ಕ್ತಲೆ" ಎಂದು ಸಮಾಧಾನ ಮಾಡಿಕೊಂಡಳು. 'ನಮ್ಮ ಮನೆ' ಎಂದರೆ ಅವಳ ಅಪ್ಪನ ಮನೆ.

ಭಾಸ್ಕರ ರಜೆ ವಿಸ್ತರಿಸಿ ನಮ್ಮಲ್ಲೇ ಉಳಿದ. ಅವನ ಪಾರ್ಟಿನಲ್ಲಿ ಏಲಂ ಕೂಗುವ ದೃಶ್ಯ ಒಂದಿತ್ತು. ಮುಂಬೈಯ ಗಲ್ಲಾದಲ್ಲಿ ಕೂತವನಿಗೆ ಏಲಂ ಎಲ್ಲಿಂದ ಬರಬೇಕು? ಕಲಿಸಿದವನು ನಾನು! ಎಲ್ಲಿ ಸ್ವರ ಎತ್ತಬೇಕು, ಯಾವ ಹುಬ್ಬಿಗೆ ಎಷ್ಟು ಏರಿಸಬೇಕು, ಕೊನೆಯಲ್ಲಿ ಬೆರಳು ಹೇಗೆ ಮಾಡಬೇಕು ಎಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ ಒಂದು ವಾರ ಪಾಠ ಹೇಳಿದೆ. ಮನಸ್ಸಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

ಸಿನಿಮಾ ಕುಂದಾಪುರಕ್ಕೆ ಬಂದಾಗ ಇಡೀ ಬಂದರೇ ಟಾಕೀಸಿನಲ್ಲಿತ್ತು. ಆ ದೃಶ್ಯ ಬಂತು. ಭಾಸ್ಕರ ರೇಷ್ಮೆ ಪಂಚೆ ಉಟ್ಟು ಕೈ ಎತ್ತಿ ಕೂಗಿದ. ನನ್ನದೇ ರಾಗ, ನನ್ನದೇ ಕೈ. ಸೂರಪ್ಪಣ್ಣ ಅವನ ಎದುರು ನಿಂತು ಏನೋ ಒಂದು ಮಾತು ಹೇಳಿದರು. ಜನರ ಚಪ್ಪಾಳೆಯಲ್ಲಿ ಅದು ಕೇಳಿಸಲಿಲ್ಲ.

"ಕಾಣಿ, ನನ್ನ್ ತಮ್ಮ ಎಷ್ಟ್ ಲಾಯ್ಕ್ ಕೂಗ್ತ!" ಎಂದಳು ಪಕ್ಕದಲ್ಲಿ ಕೂತ ಜಲಜ.

ಅದನ್ನು ಕಲಿಸಿದವನು ನಾನು ಎಂದು ಹೇಳಲು ಬಾಯಿ ತೆರೆದೆ. ಹಿಂದಿನ ಸಾಲಿನಿಂದ ಯಾರೋ ನನ್ನ ಹೆಗಲಿಗೆ ತಟ್ಟಿದರು.

"ಹ್ವಾಯ್, ಸಿನಿಮಾ ಕಾಂಬುಕೆ ಬಂದದ್ದಾ, ಮಾತಾಡುಕೆ ಬಂದದ್ದಾ? ಸುಮ್ನ್ ಕೂಕಣಿ!"

ಸುಮ್ಮನೆ ಕೂತೆ. ಆ ಕೆಲಸದಲ್ಲಿ ಈಗ ನನಗೆ ಒಳ್ಳೆಯ ಅಭ್ಯಾಸವಿದೆ.